ಹೆಸರಿನ ಮುಂದೆ

ನಾಳೆ ಮುಂಜಾನೆಯೊಳಗೆ ಫಿಲ್ಮು ಕಳಿಸಬೇಕು.
ಕೊನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಟೈಪಿಸಿ
ಮುಂದೆ ಎರಡು ಚುಕ್ಕಿ ಇಟ್ಟು ಕೂತಿದ್ದೇನೆ, ನತಾನಿಯೇಲ ಮಾಸ್ತರೆ,
ಏನು ಬರೆಯಲಿ?

ಸಂಗೀತ ಅಂದರೆ ಸುಳ್ಳಾಗುತ್ತದೆ.
ಈ ಸಲ ಒಂದು ರಾಗವೂ ಇಲ್ಲ.
ಮೊದಲ ದಿನವೇ ಅಂದಿದ್ದಿರಿ:
'ಅತ್ತಿ ಸೊಸಿ ನಡುವ ಪೆಟ್ಟಿಗಿ ಯಾಕ್ರಿ,
ಸಾಣಿಗಿ ಸಪ್ಪಳ ಸಾಕು.'
ಆ ಸಾಣಿಗೆಯೂ ನಿಮ್ಮದೇ,
ಮಂಗಲಪೇಟೆಯ ಮನೆಯಿಂದ, ಹೆಂಡತಿಗೆ ಹೇಳದೆ ತಂದದ್ದು.

ಮುದುಕಿ ಸಾಯುವ ರಾತ್ರಿ
ಪಾತ್ರದಾಕೆಗೆ ಉಸಿರು ಸರಿ ಬರಲಿಲ್ಲ.
ಚರ್ಚಿನ ಹಾರ್ಮೋನಿಯಂ ತರಿಸಿ
ಒಂದು ಮನೆಯನ್ನೂ ಒತ್ತದೆ
ತಿದಿ ಮಾತ್ರ ಎಳೆದಿರಿ.
ಎಳೆದು, ಬಿಟ್ಟು, ಎಳೆದು,
ತಡೆದು.
ಮೈಕು ಹಿಡಿದ ಅಫ್ರೋಜನ ಕೈ ನಡುಗಿ ಟೇಕು ಕೆಟ್ಟಿತು.
ಇನ್ನೊಮ್ಮೆ ಸಾಯಿಸಿದಿರಿ, ಶುದ್ಧವಾಗಿ.
ನಾನು ಕೆಟ್ಟದ್ದನ್ನೇ ಇಟ್ಟುಕೊಂಡೆ.

ಅದಕ್ಕೂ ಮುಂಚಿನದರಲ್ಲಿ ಸಮುದ್ರ ಬೇಕಿತ್ತು.
ಬೀದರಿನಲ್ಲಿ ಸಮುದ್ರ!
ಗೋವಾಕ್ಕೆ ಬಸ್ ಚಾರ್ಜೂ ಇರಲಿಲ್ಲ ನಮ್ಮಲ್ಲಿ.
ನೌಬಾದಿನ ಸುರಂಗಬಾವಿಯ ಗಾಳಿಗಂಡಿಯೊಳಗೆ
ಮೈಕಿಗೆ ಮಫ್ಲರು ಸುತ್ತಿ ಇಳಿಬಿಟ್ಟು
ಎರಡು ತಾಸು ಬೋರಲು ಮಲಗಿದಿರಿ.
ಚಿತ್ರ ನೋಡಿದ ಕಡಲೂರಿನವನೊಬ್ಬ ಕೇಳಿದ, ಯಾವ ಬೀಚು?
'ನಮ್ಮೂರ ಕೆಳಗ ಅದ' ಅಂದಿರಿ.

ಹೆಣ ಆಗಬೇಕಾದವ ಬಾರದ ದಿನ ಹೆಣವಾದಿರಿ,
ಕಟ್ ಅಂದ ಕೂಡಲೇ ಎದ್ದು
ಅಳುವವರ ಶ್ರುತಿ ಹಿಡಿದು ಬೈದಿರಿ.
ಓಣಿಯ ಮದುವೆಯ ಡಿಜೆ ನಿಲ್ಲಿಸಿ ಬರುತ್ತೇನೆಂದು ಹೋದವರು
ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬಂದಿರಿ:
'ಹತ್ತು ನಿಮಿಷ ಕೊಟ್ಟಾರ. ಲಗೂ ಮಾಡ್ರಿ.'
ಆ ಹತ್ತು ನಿಮಿಷಕ್ಕೆ ಬದಲು
ಮರುದಿನದ ಮೆರವಣಿಗೆಯಲ್ಲಿ ನುಡಿಸಿದಿರೆಂದು
ನನಗೆ ಗೊತ್ತಾದದ್ದು ಮೊನ್ನೆ.

ಲಕೋಟೆ ಕೊಟ್ಟಾಗ ಅರ್ಧ ತೆಗೆದು
'ಹಾರ್ಡ್ ಡಿಸ್ಕಿಗಿ' ಅಂತ ನನ್ನ ಜೇಬಿಗೇ ತುರುಕಿ
ಉಳಿದರ್ಧಕ್ಕೆ ರಸೀದಿ ಬರೆದಿರಿ.
ಯಾರೂ ರಸೀದಿ ಕೇಳಿರಲಿಲ್ಲ.

ಕೊನೆಗೆ ಫೋನೇ ಮಾಡಿದೆ.
ಹಿಂದೆ ಹುಡುಗರ ಹಾಡಿನ ತಾಲೀಮು,
ಯಾವನೋ ಅರ್ಧ ಸ್ವರ ಕೆಳಗೆ.
'ಮಾಸ್ತರ, ನಿಮ್ಮ ಹೆಸರಿನ ಮುಂದ ಏನ್ ಹಾಕ್ಲಿ?'
'ಮುಂದಿಂದು ಬಿಡ್ರಿ,
ಹೆಸರು ನೆಟ್ಟಗ ಹಾಕ್ರಿ. ಹೋದ ಸಲ
ನತಾಲಿ ಮಾಡಿಟ್ಟಿದ್ರಿ, ನಮ್ಮಾಕಿ ಇನ್ನಾ ನಗ್ತಾಳ.'
ಆಮೇಲೆ ಹುಡುಗನ ಕಡೆ ತಿರುಗಿ ಏನೋ ಗದರಿದಿರಿ,
ಫೋನು ಇಡುವುದು ಮರೆತು.

ಒಂದೊಂದೇ ಅಕ್ಷರ ಮುಟ್ಟಿ ನೋಡಿದೆ.
ನ, ತಾ, ನಿ, ಯೇ, ಲ.
ಐದರಲ್ಲಿ ನಟ್ಟನಡುವೆ ಒಂದು ನಿಷಾದ.
ಎರಡು ಚುಕ್ಕಿ ಅಳಿಸಿ
ಸೇವ್ ಒತ್ತಿದೆ.