ಇದ್ದಲಮನೆಯ ಬೀಗದಕೈ

ಇಂದಿಗೆ ಹನ್ನೊಂದು ದಿನ,
ಲ್ಯಾಟಿನ್ ಮೇಷ್ಟ್ರು ಆರ್ಕ್‌ರೈಟ್‌ಗೂ
ಮೇಟ್ರನ್ ಥ್ವೇಟ್‌ಗೂ ಮಾತಿಲ್ಲ.
ಕಿಟಕಿಯಾಚೆ ಯಾರ್ಕ್‌ಷೈರಿನ ಹಿಮ, ಮೊಣಕಾಲುದ್ದ.

ನಡುವೆ ನಾನು, ಪಾತ್ರೆ ತಿಕ್ಕುವ ನೆಲ್.
"ಆಕೆಗೆ ಹೇಳು, ಇದ್ದಲು ಮೊದಲು ಓದುಕೋಣೆಗೆ."
"ಆತನಿಗೆ ಹೇಳು, ಕೆಮ್ಮುವ ಮಕ್ಕಳಿಗೆ."
ಮೆಟ್ಟಿಲು ಹತ್ತುವಷ್ಟರಲ್ಲಿ
ಬೈಗುಳದ ಜಿಡ್ಡು ತೊಳೆದು
ಉಳಿದದ್ದನ್ನು ಒಪ್ಪಿಸುತ್ತೇನೆ.

ಹೆಡ್‌ಮಾಸ್ಟರು ಇಬ್ಬರ ಕಾಗದವನ್ನೂ ಓದಿ
ಒಂದೇ ಡ್ರಾಯರಿಗೆ ಹಾಕಿದರು.
ಊಟದ ಮೇಜಲ್ಲಿ ಉಪ್ಪಿನ ಬಟ್ಟಲು
ಯಾರ ಕೈಗೂ ದಾಟದೆ ಕೂತಿದೆ.

ನಿನ್ನೆ ರಾತ್ರಿ ಬೀಗದಕೈ ಕಾಣೆ.
ಪಾದ್ರಿಯನ್ನೂ ಬಿಡದೆ
ಎಲ್ಲರೂ ಎಲ್ಲರನ್ನೂ ಶಂಕಿಸಿದರು;
ಪಾತ್ರೆಯವಳನ್ನು ಕೇಳಲು ಯಾರಿಗೂ ತೋಚಲಿಲ್ಲ.

ಮೇಲೆ, ಹುಡುಗರ ಕೋಣೆಯಲ್ಲಿ
ಪುಟ್ಟ ಪಿಮ್ ಬೆವರಿ, ಹೊದಿಕೆ ಒದ್ದು
ಗೊರಕೆ ಹೊಡೆಯುತ್ತಿದ್ದಾನೆ.

ನನ್ನ ಉಗುರಿನ ಕಪ್ಪೋ,
ಅದು ಎಂದಿನದೇ.