ಹನ್ನೊಂದು ಸೆಕೆಂಡು

ಆರುನೂರ ಹನ್ನೆರಡು ಕ್ಯಾಸೆಟ್ಟು,
ಓಜುರ್ಗೇತಿ ರೇಡಿಯೋದ ನೆಲಮಾಳಿಗೆಯಲ್ಲಿ,
ಕಿತ್ತಳೆ ತುಂಬುವ ಮರದ ಪೆಟ್ಟಿಗೆಗಳೊಳಗೆ.
ಹೋದ ವರ್ಷ ಯಾರೋ ಕೂತು
ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ್ದರು.
ಇಳಿದದ್ದು ಆನೆ ಭಾರ; ಡಿಸ್ಕಿಗೆ ಉಬ್ಬಸ.
‘ಹಗುರ ಮಾಡು ತೋರ್ನಿಕೆ,’ ಅಂದರು ನನಗೆ.

ನಾನು ಸೋಮಾರಿ, ಒಂದೇ ಕೆಲಸ ಎರಡು ಸಲ ಮಾಡುವವನಲ್ಲ.
ಒಂದೊಂದೇ ತೆರೆದು, ಹೆಸರು ಕೊಟ್ಟು, ಗುಂಡಿ ಒತ್ತಿ,
ಆಕಳಿಸುತ್ತ ಕಾಯುವ ಬದಲು
ಹದಿನಾಲ್ಕು ಸಾಲು ಬರೆದೆ.
ಈ ಫೋಲ್ಡರಿನಲ್ಲಿ ಇರುವ ಪ್ರತಿಯೊಂದನ್ನೂ
ಎತ್ತಿಕೋ, ಹಿಂಡು, ಆಚೆ ಇಡು,
ಮುಂದಿನದಕ್ಕೆ ಹೋಗು.
ಕಣ್ಣಿಗೆ ಬಟ್ಟೆ ಕಟ್ಟಿದ ಗಾಣದೆತ್ತು,
ಹುಲ್ಲು ಕೇಳದು, ಸಗಣಿ ಹಾಕದು.

ಮೊದಲ ಸುತ್ತಿಗೇ ಮುಗ್ಗರಿಸಿತು:
ಹೆಸರುಗಳ ನಡುವೆ ಬಿಟ್ಟಿದ್ದ ಖಾಲಿ ಜಾಗ ಕಂಡು
‘ಪೆಲಾಗಿಯಾ’ ಬೇರೆ, ‘ಚಹಾ ತೋಟ’ ಬೇರೆ ಎಂದುಕೊಂಡಿತು.
ಉದ್ಧರಣ ಚಿಹ್ನೆಯ ಬೇಲಿ ಹಾಕಿದೆ, ಸರಿಹೋಯಿತು.
ಒಂಬತ್ತನೆಯ ಸಾಲು ನನ್ನ ಹೆಮ್ಮೆ,
ಸದ್ದಿಲ್ಲದ ಕಡೆ ಕತ್ತರಿಸು.
ಹದಿಮೂರನೆಯದು,
ಮುಗಿದ ಮೇಲೆ ಮೂಲ ಅಳಿಸು.
ಬಾಗಿಲು ಹಾಕಿ ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಬಂದರೆ ಯಂತ್ರ ಬೆಚ್ಚಗಿತ್ತು,
ಒಂದೂ ತಪ್ಪಿಲ್ಲ.
ಆರುನೂರ ಹನ್ನೆರಡು ಗಂಟೆ ಒಳಹೋಗಿ
ಐನೂರ ಮೂವತ್ತೊಂದು ಹೊರಬಂದಿತ್ತು.
ಎಂಬತ್ತೊಂದು ಗಂಟೆ ಉಳಿತಾಯ!
ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಗುರುವಾರ ನಾಝಿಬ್ರೋಲಾ ಬಂದರು.
ಎಂಬತ್ತಮೂರರಲ್ಲಿ ಭುಜಕ್ಕೆ ರೆಕಾರ್ಡರು ತೂಗಿಕೊಂಡು
ಚಹಾ ಸಾಲುಗಳ ನಡುವೆ ಓಡಾಡಿದವರು.
ಹೆಡ್‌ಫೋನು ಅವರ ಜಡೆಯ ಮೇಲೆ ಕೂರಲಿಲ್ಲ,
ಒಂದೇ ಕಿವಿಗೆ ಒತ್ತಿಕೊಂಡರು.

‘ನಿನ್ನ ತಮ್ಮ ಯುದ್ಧದಿಂದ ಬಂದನೇ, ಪೆಲಾಗಿಯಾ?’
‘ಬಂದ.’

ಮತ್ತೊಮ್ಮೆ ಹಾಕು ಅಂದರು. ಹಾಕಿದೆ.
‘ಬಂದನೇ?’ ‘ಬಂದ.’
ಅಂಗಡಿಯಲ್ಲಿ ಉಪ್ಪಿನ ಬೆಲೆ ಹೇಳುವ ಹಾಗೆ.

‘ಇದು ಅವಳಲ್ಲ,’ ಅಂದರು.
ಅವಳದೇ ದನಿ, ನೋಡಿ, ಹೆಸರೂ ಇದೆ, ಅಂದೆ.
‘ದನಿ ಅವಳದೇ. ಆದರೆ ಇಷ್ಟು ಬೇಗ ಅವಳು
ಈ ಮಾತು ಯಾವತ್ತೂ ಹೇಳಿಲ್ಲ.’

ಗೋಡೆಯ ಕಾಗದ ಕಿತ್ತು ಜೇಬಿಗೆ ತುರುಕಿದೆ.

ಮೌನಕ್ಕೆ ಅಡ್ಡದಾರಿ ಇಲ್ಲ.
ಅದನ್ನು ಮರಳಿ ತರಬೇಕಾದರೆ
ಅದರಷ್ಟೇ ಹೊತ್ತು ಅದರೆದುರು ಕೂರಬೇಕು.
ಹಳೆಯ ಡೆಕ್ಕಿನ ರಬ್ಬರು ಪಟ್ಟಿ ಬದಲಿಸಿ,
ಪೆನ್ಸಿಲಿನಿಂದ ಟೇಪು ಬಿಗಿ ಮಾಡಿ,
ನಾನು, ಸೋಮಾರಿ, ಸ್ಟೂಲು ಎಳೆದುಕೊಂಡೆ.

ಸುಸ್ಸೆಂಬ ಸದ್ದು. ಕತ್ತರಿಯ ಕಚಕಚ ಎಲ್ಲೋ ದೂರ.
‘ನಿನ್ನ ತಮ್ಮ ಯುದ್ಧದಿಂದ ಬಂದನೇ, ಪೆಲಾಗಿಯಾ?’
ಕತ್ತರಿ ನಿಂತಿತು.
ಯಾರೋ ಬುಟ್ಟಿ ಕೆಳಗಿಟ್ಟರು.
ಏನೂ ಇಲ್ಲ.
ಏನೂ ಇಲ್ಲ.
ಟೇಪು ಸಿಕ್ಕಿಕೊಂಡಿತೆಂದು ಕೈ ಚಾಚಿದೆ,
ನಾಝಿಬ್ರೋಲಾ ನನ್ನ ಮಣಿಕಟ್ಟು ಹಿಡಿದುಕೊಂಡರು.
ಅವರ ತುಟಿ ಎಣಿಸುತ್ತಿತ್ತು,
ಒಂಬತ್ತು, ಹತ್ತು,

‘ಬಂದ,’ ಅಂದಳು.

ಅವನು ಬರಲಿಲ್ಲವೆಂದೋ,
ಬಂದದ್ದು ಅವನಲ್ಲವೆಂದೋ,
ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.
ಕಿತ್ತಳೆ ಸುಲಿದು ಅರ್ಧ ನನ್ನ ಅಂಗೈಗಿಟ್ಟು,
‘ಹಿಂದಿನ ಬದಿಯೂ ಇದೆ, ತಿರುಗಿಸು,’ ಅಂದರು.