ಹೆಪ್ಪು

ಬೆಮಿಡ್ಜಿಯ ಬಸ್ ಡಿಪೋ. ಬೆಳಗಿನ ನಾಲ್ಕೂಮುಕ್ಕಾಲು.
ಮೈನಸ್ ಮೂವತ್ತಾರು.
ಉಸಿರೆಳೆದರೆ ಮೂಗಿನ ಕೂದಲು
ಚರಚರ ಅನ್ನುವುದು ನನಗೇ ಕೇಳುತ್ತದೆ.
ಹದಿನೇಳು ಹಳದಿ ಬಸ್ಸುಗಳು ಸಾಲಾಗಿ,
ಮೂತಿಯಿಂದ ಒಂದೊಂದು ಕರಿ ವಯರು ಇಳಿಬಿಟ್ಟು,
ಗೋದಲಿಗೆ ಕಟ್ಟಿದ ಎತ್ತುಗಳ ಹಾಗೆ
ರಾತ್ರಿಯಿಡೀ ಕರೆಂಟು ಮೇಯ್ದಿವೆ.
ನನ್ನದು ಹನ್ನೊಂದನೆಯದು.
ನಿನ್ನೆ ಹೋಗುವಾಗ ಎರಡು ಸಲ ಪ್ಲಗ್ಗು ಮುಟ್ಟಿ ನೋಡಿದ್ದೆ,
ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು
ಅರ್ಧ ದಾರಿಯಿಂದ ತಿರುಗುವವಳ ಹಾಗೆ.

ಕೀಲಿ ತಿರುವಿ, ಸುರುಳಿಯ ದೀಪ ಆರುವ ತನಕ ಕಾದೆ.
ಮತ್ತೊಮ್ಮೆ ತಿರುವಿ ಮತ್ತೊಮ್ಮೆ ಕಾದೆ.
ಕೆಮ್ಮಿತು, ಬಿಳಿ ಹೊಗೆ ಕಾರಿತು, ಹಿಡಿದುಕೊಂಡಿತು.
ಇಲ್ಲಿ ಮೋಸ ಹೋಗುವುದೇ ಹೀಗೆ:
ಶುರುವಾದದ್ದು ನಡೆಯುತ್ತದೆ ಎಂದುಕೊಳ್ಳುತ್ತೇವೆ.

ಸೇತುವೆ ದಾಟಿ ನಾಲ್ಕನೇ ಮೈಲಿ.
ಏರು ಅಂತ ಹೇಳಲಾಗದಷ್ಟು ಏರು.
ಕಾಲು ಪೂರ್ತಿ ಒತ್ತಿದ್ದೇನೆ,
ಬಸ್ಸು ಮಾತ್ರ ಬೇರೆ ಯಾರದೋ ಮಾತು ಕೇಳುತ್ತಿದೆ.
ಎಂಜಿನ್ನು ಸಣ್ಣಗಾಯಿತು,
ಇನ್ನೂ ಸಣ್ಣಗಾಯಿತು,
ಆಮೇಲೆ ಟೈರಿನಡಿಯ ಹಿಮದ ಸದ್ದಷ್ಟೇ.

"ಹನ್ನೊಂದು ನಿಂತಿದೆ."
"ಮಕ್ಕಳು?" ರೇಡಿಯೋದಲ್ಲಿ ಆರ್ಲಿಸ್.
"ಇನ್ನೂ ಯಾರೂ ಹತ್ತಿಲ್ಲ."
ಅವಳು ಉಸಿರು ಬಿಟ್ಟದ್ದು ಕೇಳಿಸಿತು.
"ಸರಿ. ಕಾಲು ಕುಣಿಸ್ತಾ ಇರು."

ಕುಣಿಸುತ್ತ ಅಪ್ಪನನ್ನು ನೆನೆದೆ.
ಹೊಸಪೇಟೆಯ ಅದಿರು ಲಾರಿ, ಏಪ್ರಿಲ್ ಮಧ್ಯಾಹ್ನ,
ಕುದಿಯುವ ರೇಡಿಯೇಟರಿಗೆ ಒದ್ದೆ ಗೋಣಿಚೀಲ.
(ನಾನಿಲ್ಲಿ ಅದೇ ಜಾಗಕ್ಕೆ ರಟ್ಟು ಕಟ್ಟುತ್ತೇನೆ,
ಗಾಳಿ ಒಳಬಾರದಿರಲಿ ಎಂದು.)
ಡೀಸೆಲ್ ಅಂದರೆ ನೀರಿದ್ದ ಹಾಗೆ ಕಣವ್ವಾ,
ಎಲ್ಲಿ ಸುರಿದರೂ ದಾರಿ ಹುಡುಕುತ್ತೆ, ಅನ್ನುತ್ತಿದ್ದ.
ಅದು ನಿಂತದ್ದನ್ನು ಅವನು ನೋಡಲೇ ಇಲ್ಲ.

ಆರ್ಲಿಸ್ ಟ್ವೇಟ್, ಅರವತ್ತಮೂರು ವರ್ಷ,
ಪಿಕಪ್ಪಿನಿಂದ ಇಳಿದವಳೇ ಮಾತಾಡಲಿಲ್ಲ.
ಹಳೆಯ ಫಿಲ್ಟರು ಬಿಚ್ಚಿ ಟಾರ್ಚು ಹಿಡಿದಳು:
ಒಳಗೆ ಪುಷ್ಯದ ಬೆಳಗಿನ ತುಪ್ಪದ ಭರಣಿ.
"ಅಕ್ಟೋಬರಿನ ಎಣ್ಣೆ. ಅಗ್ಗಕ್ಕೆ ಸಿಕ್ಕಿತೂಂತ ತುಂಬಿಸಿದ್ದಾರೆ.
ಮೇಣ ಅದರೊಳಗೇ ಇರ್ತದೆ,
ಚಳಿ ಬರೀ ಹೆಸರು ಹಿಡಿದು ಕರೀತದೆ."
ಹೊಸ ಫಿಲ್ಟರನ್ನು ಕೋಟಿನೊಳಗೆ ಕಂಕುಳಲ್ಲಿಟ್ಟು
ಮೊಟ್ಟೆಯ ಹಾಗೆ ಬೆಚ್ಚಗೆ ತಂದಿದ್ದಳು.
ಕೆಂಪು ಬಾಟಲಿಯದು ಅರ್ಧ ಅದಕ್ಕೆ, ಅರ್ಧ ಟ್ಯಾಂಕಿಗೆ.
ತಿರುಪಿಗೆ ಗ್ಲೌಸು ಆಗದು. ತೆಗೆದಳು.
ಇಷ್ಟು ತಣ್ಣಗಿನ ಡೀಸೆಲ್ ಚರ್ಮವನ್ನು ಸುಡುತ್ತದೆ.
ಹೆಬ್ಬೆರಳಲ್ಲಿ ಪಂಪು ಒತ್ತುತ್ತ ಅವಳು ಬೈದದ್ದು
ನಾರ್ವೆಯ ಭಾಷೆಯಿರಬೇಕು. ನನಗೆ ಪೂರ್ತಿ ಅರ್ಥವಾಯಿತು.

ಕೊನೆಯ ಸ್ಟಾಪಿನಲ್ಲಿ, ಒಂದೂಕಾಲು ಗಂಟೆ ತಡವಾಗಿ,
ತಾತನ ಟ್ರಕ್ಕಿನಿಂದ ಇಬ್ಬರು ಇಳಿದು ಬಂದರು.
ಚಿಕ್ಕವಳು ಹತ್ತುವಾಗ ಬಸ್ಸಿನ ಬಾಗಿಲನ್ನು
ಒಮ್ಮೆ ತಟ್ಟಿದಳು, ಪರವಾಗಿಲ್ಲ ಎಂಬಂತೆ.

ಇದನ್ನು ಬರೆಯಲು ಕೂತದ್ದು ಬೇರೆಯದಕ್ಕೆ.
ನವೆಂಬರಿನಿಂದ ನನ್ನ ಮನೆಯಲ್ಲಿ ಮೊಸರಾಗಿಲ್ಲ.
ಕಂಬಳಿ ಸುತ್ತಿದೆ, ಓವನ್ನಿನಲ್ಲಿಟ್ಟೆ,
ಬೆಳಿಗ್ಗೆ ಎದ್ದರೆ ಹುಳಿ ವಾಸನೆಯ ಹಾಲು.
ಎಣ್ಣೆ ಹೆಪ್ಪುಗಟ್ಟುವ ಊರಲ್ಲಿ
ಹಾಲಿಗೆ ಹಾಕಿದ ಹೆಪ್ಪು ಹಿಡಿಯುವುದಿಲ್ಲ.

ಆ ದಿನ ವರ್ಕ್‌ಶಾಪಿನಲ್ಲಿ ಆರ್ಲಿಸ್
ಮೇಣ ತುಂಬಿದ ಫಿಲ್ಟರನ್ನು ತಟ್ಟೆಯಲ್ಲಿಟ್ಟು
ಹೀಟರಿನ ಹತ್ತಿರ ಸರಿಸಿದಳು, ಸುಮ್ಮನೆ, ನೋಡಲಿಕ್ಕೆ.
ಮಬ್ಬು ತಿಳಿಯಾಗುತ್ತ ಹೋಯಿತು.
ನಾನು ಬುತ್ತಿಯ ಡಬ್ಬಿ ತೆಗೆದೆ,
ಬೆಚ್ಚಗಿನ ಹಾಲು, ಚಮಚದ ತುದಿಯಷ್ಟು ಹುಳಿ,
ತಟ್ಟೆಯ ಪಕ್ಕದಲ್ಲೇ ಇಟ್ಟೆ.

ಸಂಜೆಯ ಟ್ರಿಪ್ಪು ಮುಗಿಸಿ ಬಂದಾಗ
ಅವಳು ಮುಚ್ಚಳ ತೆಗೆದು ಡಬ್ಬಿ ವಾಲಿಸಿ ನೋಡುತ್ತಿದ್ದಳು.
ಅಲುಗಲಿಲ್ಲ.
ಸಾವಿನ ಮನೆಗೆ ಹೋದವರ ದನಿಯಲ್ಲಿ ಅಂದಳು:
"ಕ್ಷಮಿಸು ನೀಲವ್ವಾ. ಇದೂ ಜೆಲ್ ಆಗಿಬಿಟ್ಟಿದೆ."

ನಾನು ಚಮಚ ಹುಡುಕಿದೆ, ಎರಡು.